ಆಡಿಟರರ ಆಫೀಸಿನ ಉಮೇದುವಾರಿ: ಕಲಿಕೆಯೋ, ಬಿಟ್ಟಿ ಚಾಕರಿಯೋ?



ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರ ಪತ್ರಿಕೆಗೆ ಆಡಿಟರರ ಆಫೀಸಿನ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಸಿದ್ಧವಾಗಿದೆ. ಆ ಆಫೀಸುಗಳಲ್ಲಿ ಕಡತ ಹೊತ್ತು ತಿರುಗುವ ಹುಡುಗ-ಹುಡುಗಿಯರಲ್ಲಿ ನಮ್ಮ ಮಕ್ಕಳಿದ್ದಾರೆ, ನಮ್ಮ ತಮ್ಮ-ತಂಗಿಯರಿದ್ದಾರೆ. ಅಪ್ಪ ದೋಸೆಕಾವಲಿಯ ಮುಂದೆ ಬೆವರು ಸುರಿಸಿ ಮಗನಿಗೆ ಬಿ.ಕಾಂ. ಓದಿಸುತ್ತಾನೆ, ಮಗ ಸಿ.ಎ. ಆಗಿ ಮನೆತನವನ್ನು ಮೇಲೆತ್ತುತ್ತಾನೆಂದು ಊರಿನಲ್ಲಿ ಅಜ್ಜಿ ಹರಕೆ ಹೊರುತ್ತಾಳೆ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಬ್ಯಾಂಕು, ಕೋರ್ಟು, ಆಡಿಟರರ ಆಫೀಸುಗಳ ಮೆಟ್ಟಿಲೇರಿದ ಹೋಟೆಲ್ ಹುಡುಗರ ಪರಂಪರೆ ಮುಂಬಯಿ ಕನ್ನಡಿಗರದು. ಅದು ನಮಗೆಲ್ಲ ಹೆಮ್ಮೆಯ ವಿಷಯ. ಹಾಗಿರುವಾಗ ಆ ಮೆಟ್ಟಿಲಿನ ಮೇಲೆ ನಮ್ಮ ಮಕ್ಕಳ ಗತಿ ಏನಾಗುತ್ತಿದೆಯೆಂದು ಕೇಳುವ ಹಕ್ಕು ನಮಗಲ್ಲದೆ ಇನ್ನಾರಿಗಿದೆ?

ಇನ್ನೊಂದು ಕಾರಣವೂ ಉಂಟು. “ಸಂಬಳ ಏನು ಕೇಳುತ್ತೀ, ಕೆಲಸ ಕಲಿಸುತ್ತಿದ್ದೇವಲ್ಲ” ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಗ್ಲಾಸು ತೊಳೆಯುವ ಹುಡುಗನಿಗೆ ಇದನ್ನೇ ಹೇಳಿದರು. ಮೇಜು ಒರಸುವವನಿಗೆ ಇದನ್ನೇ ಹೇಳಿದರು. ಅವನು ಮಾಣಿಯಾಗುವವರೆಗೆ ಹೇಳಿದರು, ಮಾಣಿಯಾದ ಮೇಲೆ ಗಲ್ಲೆಯ ಕೆಲಸ ಕಲಿಸುತ್ತೇವೆಂದು ಮತ್ತೆ ಹೇಳಿದರು. ಹೋಟೆಲು, ಢಾಬಾ, ಚಹಾದಂಗಡಿಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ೨೦೦೬ರ ಅಕ್ಟೋಬರ್ ೧೦ರಂದು ಜಾರಿಗೆ ಬಂತು. ಅಂದು ಕೂಡ ಅನೇಕ ಧಣಿಗಳು “ಬಡ ಹುಡುಗರಿಗೆ ಕಸುಬು ಕಲಿಸುತ್ತಿದ್ದೆವು, ಅದಕ್ಕೂ ಕಲ್ಲು ಹಾಕಿದರು” ಎಂದು ಗೊಣಗಿದರು. ಕಲಿಸುವೆನೆಂಬ ಮಾತು ದುಡಿಸಿಕೊಳ್ಳುವವನ ಬಾಯಲ್ಲಿ ಎಷ್ಟು ಸಿಹಿಯಾಗಿ ಬರುತ್ತದೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಈ ವಿಷಯದಲ್ಲಿ ಬಾಯಿ ಹಾಕುತ್ತಿದ್ದೇವೆ.

ಆರ್ಟಿಕಲ್ ಎಂದರೆ ಏನು?

ತಿಳಿಯದವರಿಗಾಗಿ ಎರಡು ಮಾತು. ಸಿ.ಎ. ಆಗಲು ಪರೀಕ್ಷೆ ಪಾಸಾದರೆ ಸಾಲದು. ಸ್ವಂತ ಆಫೀಸು ನಡೆಸುವ ಒಬ್ಬ ಲೆಕ್ಕಪರಿಶೋಧಕರ ಕೈಕೆಳಗೆ ಕರಾರುಪತ್ರ ಬರೆದುಕೊಟ್ಟು, ಗೊತ್ತಾದ ವರ್ಷಗಳವರೆಗೆ ಕೆಲಸ ಮಾಡಬೇಕು. ಇದಕ್ಕೆ ಆರ್ಟಿಕಲ್‌ಶಿಪ್ ಎಂದು ಹೆಸರು. ನಮ್ಮ ಹಿರಿಯರ ಭಾಷೆಯಲ್ಲಿ ಉಮೇದುವಾರಿ. ಮೊದಲು ಇದು ಮೂರು ವರ್ಷವಿತ್ತು. ೨೦೨೩ರ ಜುಲೈ ೧ರಿಂದ ಬಂದ ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕೆ ಇಳಿಯಿತು. ಅದು ಮುಗಿದ ಮೇಲೆ ಕೊನೆಯ ಪರೀಕ್ಷೆಗೆ ಓದಿಕೊಳ್ಳಲು ಆರು ತಿಂಗಳ ಬಿಡುವೂ ಸಿಕ್ಕಿತು. ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು.

ಈ ಪದ್ಧತಿ ನಮ್ಮ ಮುಂಬಯಿಗೆ ಹಳೆಯದು. ೧೯೧೩ರ ಕಂಪೆನಿ ಕಾಯಿದೆ ಆಡಿಟರನಿಗೆ ಯೋಗ್ಯತೆಯ ಪತ್ರ ಬೇಕೆಂದಿತು. ೧೯೧೮ರಲ್ಲಿ ಮುಂಬಯಿ ಸರಕಾರ ಜಿ.ಡಿ.ಎ. ಎಂಬ ಡಿಪ್ಲೊಮಾ ಆರಂಭಿಸಿತು. ಅದರ ಜೊತೆಗೆ ಮಾನ್ಯತೆ ಪಡೆದ ಲೆಕ್ಕಿಗರೊಬ್ಬರ ಬಳಿ ಮೂರು ವರ್ಷ ದುಡಿದವನೇ ಆಡಿಟರನಾಗಬಹುದಿತ್ತು. ಸ್ವಾತಂತ್ರ್ಯ ಬಂದು ಎರಡು ವರ್ಷವಾಗುವ ಮೊದಲೇ, ಸಂವಿಧಾನ ಇನ್ನೂ ಜಾರಿಗೆ ಬಾರದಿರುವಾಗಲೇ, ೧೯೪೯ರ ಕಾಯಿದೆ ಬಂತು. ಆ ವರ್ಷದ ಜುಲೈ ೧ರಂದು ಇಂದಿನ ಲೆಕ್ಕಪರಿಶೋಧಕರ ಸಂಸ್ಥೆ ಹುಟ್ಟಿತು. ಹೊಸ ದೇಶಕ್ಕೆ ನಂಬಿಗಸ್ತ ಲೆಕ್ಕಿಗರು ಬೇಕೆಂದು ಅಂದಿನವರು ಕಂಡುಕೊಂಡಿದ್ದರು. ಆ ದೃಷ್ಟಿಯನ್ನು ನಾವು ಗೌರವಿಸುತ್ತೇವೆ.

ಆದರೆ ಈ ಬಳ್ಳಿಯ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಹಿಂದಿನ ಕಾಲದಲ್ಲಿ ಶಿಷ್ಯನ ತಂದೆಯೇ ಗುರುವಿಗೆ ದೊಡ್ಡ ಮೊತ್ತ ತೆತ್ತು ಮಗನನ್ನು ಆಫೀಸಿಗೆ ಸೇರಿಸಬೇಕಾಗಿತ್ತು. ಅದಕ್ಕೆ ‘ಪ್ರೀಮಿಯಂ’ ಎನ್ನುತ್ತಿದ್ದರು. ಮೇಲಿಂದ ವರ್ಷಗಟ್ಟಲೆ ಸಂಬಳವಿಲ್ಲ. ಫಲವೇನು? ಹಣವಂತರ ಮಕ್ಕಳು ಮಾತ್ರ ಆ ಕಸುಬಿಗೆ ಬಂದರು. ಬಡವನ ಮಗನಿಗೆ ಬಾಗಿಲು ತೆರೆದೇ ಇತ್ತು, ಒಳಗೆ ಬರುವ ಖರ್ಚು ಮಾತ್ರ ಅವನ ಬಳಿ ಇರಲಿಲ್ಲ.

ಇಂದು ಪ್ರೀಮಿಯಂ ಇಲ್ಲ, ಹುಡುಗನಿಗೇ ಸ್ಟೈಪೆಂಡ್ ಕೊಡಬೇಕೆಂಬ ನಿಯಮವಿದೆ ಎನ್ನುತ್ತಾರೆ. ನಿಯಮವಿರುವುದು ನಿಜ. ಆದರೆ ನಾವು ಹೇಳುವುದೇನೆಂದರೆ, ಪ್ರೀಮಿಯಂ ಹೋಗಿಲ್ಲ, ವೇಷ ಮರೆಸಿಕೊಂಡಿದೆ. ಅದನ್ನು ಈಗ ತಂದೆ ಒಂದೇ ಸಲ ತೆರುವುದಿಲ್ಲ, ಮನೆಯವರೆಲ್ಲ ತಿಂಗಳು ತಿಂಗಳು ಹೊಟ್ಟೆ ಕಟ್ಟಿ ತೆರುತ್ತಾರೆ.

ಎರಡು ‘ಕನಿಷ್ಠ’ಗಳ ಕಥೆ

ಲೆಕ್ಕದವರ ಮಾತಾದುದರಿಂದ ಲೆಕ್ಕವನ್ನೇ ನೋಡೋಣ.

ಇಪ್ಪತ್ತು ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ, ಅಂದರೆ ಮುಂಬಯಿ, ಪುಣೆ, ಹೈದರಾಬಾದುಗಳಂಥ ಊರುಗಳಲ್ಲಿ, ಮೊದಲ ವರ್ಷದ ಆರ್ಟಿಕಲ್‌ಗೆ ಕೊಡಬೇಕಾದ ಕನಿಷ್ಠ ಸ್ಟೈಪೆಂಡ್ ಬಹುಕಾಲ ತಿಂಗಳಿಗೆ ೨,೦೦೦ ರೂಪಾಯಿ ಇತ್ತು. ೨೦೨೧ರಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ ಅದು ೪,೦೦೦ ಆಯಿತು. ಎರಡನೆಯ ವರ್ಷಕ್ಕೆ ೫,೦೦೦, ಮೂರನೆಯ ವರ್ಷಕ್ಕೆ ೬,೦೦೦. ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ, ಅಂದರೆ ನಮ್ಮ ಉಡುಪಿ-ಕುಂದಾಪುರಗಳಂಥ ಕಡೆ, ಮೊದಲ ವರ್ಷಕ್ಕೆ ೨,೦೦೦. ನೂರಕ್ಕೆ ನೂರು ಏರಿಸಿದೆವೆಂದು ಆಗ ಡಂಗುರ ಹೊಡೆದರು. ಸೊನ್ನೆಯ ಪಕ್ಕದಲ್ಲಿದ್ದುದನ್ನು ಇಮ್ಮಡಿ ಮಾಡಿದರೆ ಅದು ಎಷ್ಟು ದೂರ ಸರಿದೀತು?

ಇದರ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನು ಇಡಿ. ಕಾರಖಾನೆಗಳಲ್ಲಿ ಕಸುಬು ಕಲಿಯುವವರಿಗಾಗಿ ೧೯೬೧ರ ಅಪ್ರೆಂಟಿಸ್ ಕಾಯಿದೆ ಇದೆ. ಅದರ ನಿಯಮಗಳನ್ನು ೨೦೧೯ರಲ್ಲಿ ತಿದ್ದಿದಾಗ, ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ ೫,೦೦೦ ರೂಪಾಯಿ ಎಂದು ಬರೆದರು. ಪದವೀಧರ ಅಪ್ರೆಂಟಿಸನಿಗೆ ೯,೦೦೦. ಅದೂ ಹೊಟ್ಟೆ ತುಂಬುವ ಹಣವಲ್ಲ, ಅದಕ್ಕಾಗಿ ನಾವು ಯಾರನ್ನೂ ಹೊಗಳುವುದಿಲ್ಲ. ಆದರೆ ನೋಡಿ: ೨೦೧೯ರಲ್ಲಿ ಐದನೆಯ ತರಗತಿ ಓದಿ ಲೇತ್ ಯಂತ್ರದ ಮುಂದೆ ನಿಂತವನಿಗೆ ೫,೦೦೦, ಎರಡು ವರ್ಷದ ತರುವಾಯ ಬಂದ ಪಟ್ಟಿಯಲ್ಲಿ, ಕೋಟ್ಯಂತರ ರೂಪಾಯಿಯ ಲೆಕ್ಕ ತಪಾಸಣೆಗೆ ಹೋಗುವ ಹುಡುಗನಿಗೆ ೪,೦೦೦. ಆರ್ಟಿಕಲ್ ಹುಡುಗ ಆ ಅಪ್ರೆಂಟಿಸ್ ಕಾಯಿದೆಯ ನೆರಳಿಗೂ ಬರುವುದಿಲ್ಲ. ಕಾರ್ಮಿಕನೆಂದರೆ ‘ಅಲ್ಲ, ಅವನು ವಿದ್ಯಾರ್ಥಿ’ ಎನ್ನುತ್ತಾರೆ. ವಿದ್ಯಾರ್ಥಿಯೆಂದು ರಜೆ ಕೇಳಿದರೆ ‘ಆಫೀಸಿನ ಕೆಲಸ ಯಾರು ಮಾಡುತ್ತಾರೆ’ ಎನ್ನುತ್ತಾರೆ.

ಇನ್ನು ಕೆಲಸದ ಹೊತ್ತು. ಸಂಸ್ಥೆಯ ನಿಯಮಾವಳಿಯಲ್ಲಿ ವಾರಕ್ಕೆ ಕನಿಷ್ಠ ೩೫ ಗಂಟೆ ಎಂದಿದೆ. ಗಮನಿಸಿ, ಇದೂ ‘ಕನಿಷ್ಠ’. ಹಣದಲ್ಲೂ ಕನಿಷ್ಠ, ಹೊತ್ತಿನಲ್ಲೂ ಕನಿಷ್ಠ. ಆದರೆ ಈ ಎರಡು ಕನಿಷ್ಠಗಳಿಗೆ ಆಫೀಸಿನಲ್ಲಿ ಸಿಗುವ ಮರ್ಯಾದೆ ಬೇರೆ ಬೇರೆ. ಹಣದ ಕನಿಷ್ಠವನ್ನು ಚಾವಣಿಯೆಂದು ತಿಳಿಯುತ್ತಾರೆ. ಅದರಿಂದ ಮೇಲೆ ಒಂದು ರೂಪಾಯಿ ಏರಬಾರದು. ಹೊತ್ತಿನ ಕನಿಷ್ಠವನ್ನು ನೆಲವೆಂದು ತಿಳಿಯುತ್ತಾರೆ. ಅದರ ಮೇಲೆ ಎಷ್ಟು ಮಾಳಿಗೆ ಕಟ್ಟಿದರೂ ಸೈ. ಒಂದೇ ಪುಸ್ತಕದ ಒಂದೇ ಶಬ್ದಕ್ಕೆ ಎರಡು ಅರ್ಥ ಮಾಡುವವರು ನಾಳೆ ಕಂಪೆನಿಯ ಲೆಕ್ಕದ ಶಬ್ದಗಳಿಗೆ ಎಷ್ಟು ಅರ್ಥ ಮಾಡಬಾರದು!

ವಾರಕ್ಕೆ ೩೫ ಗಂಟೆಯಂತೆ ಹಿಡಿದರೆ ತಿಂಗಳಿಗೆ ಸುಮಾರು ೧೫೦ ಗಂಟೆ. ೪,೦೦೦ ರೂಪಾಯಿಯನ್ನು ಇದರಿಂದ ಭಾಗಿಸಿದರೆ ಗಂಟೆಗೆ ೨೭ ರೂಪಾಯಿಗೂ ಕಡಿಮೆ. ಗಡುವಿನ ತಿಂಗಳುಗಳಲ್ಲಿ ವಾರಕ್ಕೆ ೬೦ ಗಂಟೆ ದುಡಿಸಿದರೆಂದರೆ, ತಿಂಗಳಿಗೆ ೨೬೦ ಗಂಟೆ. ಗಂಟೆಗೆ ೧೫ ರೂಪಾಯಿ ಚಿಲ್ಲರೆ. ನಾವು ಬಡಿಸುವ ಒಂದು ಮಸಾಲೆದೋಸೆಯ ಬೆಲೆ ಈ ಹುಡುಗನ ಹಲವು ಗಂಟೆಗಳ ದುಡಿಮೆ! ಇದು ಮಾಧ್ಯಮಿಕ ಶಾಲೆಯ ಮೆಟ್ಟಿಲಿನಲ್ಲೇ ನಿಂತವರು ಹಾಕಿದ ಲೆಕ್ಕ. ಆಡಿಟರರು ಬೇಕಾದರೆ ತಾಳೆ ನೋಡಲಿ.

ದೊಡ್ಡ ಫರ್ಮುಗಳು ಕನಿಷ್ಠಕ್ಕಿಂತ ಹೆಚ್ಚು ಕೊಡುತ್ತವೆ, ಒಪ್ಪುತ್ತೇವೆ. ಸಣ್ಣ ಆಫೀಸಿನಲ್ಲಿ ಕುಳಿತು, ಮನೆಯ ಮಗನಂತೆ ನೋಡಿಕೊಂಡು, ಪ್ರತಿಯೊಂದು ವೌಚರಿನ ಮರ್ಮ ಹೇಳಿಕೊಡುವ ಹಿರಿಯರೂ ಇದ್ದಾರೆ. ಅವರಿಗೆ ನಮ್ಮ ನಮಸ್ಕಾರ. ಆದರೆ ಒಳ್ಳೆಯ ಧಣಿ ಸಿಗುವುದು ಅದೃಷ್ಟದ ಮಾತಾಗಬಾರದು. ಹೋಟೆಲಿನಲ್ಲೂ ಒಳ್ಳೆಯ ಯಜಮಾನರಿದ್ದರು. ಹಾಗೆಂದು ಸಂಘ ಕಟ್ಟುವುದನ್ನು ನಾವು ಬಿಟ್ಟೆವೇ?

ಕಲಿಸುವುದೆಂದರೆ ಏನು?

ಹಣದ ಮಾತು ಬಿಡಿ, ವಿದ್ಯೆಯಾದರೂ ಸಿಗುತ್ತದೆಯೇ ಎಂದು ನೋಡೋಣ. ಆಡಿಟರನ ಕೆಲಸವೆಂದರೆ ಅನುಮಾನಿಸುವ ಕೆಲಸ. ಪುಸ್ತಕದಲ್ಲಿ ಬರೆದಿದೆಯೆಂದು ನಂಬದೆ, ವೌಚರು ತೋರಿಸಿ ಎನ್ನಬೇಕು. ವೌಚರು ತೋರಿಸಿದರೆ, ಮಾಲು ಎಲ್ಲಿದೆ ಎನ್ನಬೇಕು. ಗೋದಾಮಿಗೆ ಹೋಗಿ ಚೀಲ ಎಣಿಸಬೇಕು. ಮುಂದಿನ ಸಾಲು ಎಣಿಸಿ ಹಿಂದಿನದನ್ನು ಅಂದಾಜಿನಲ್ಲಿ ಬರೆಯಬಾರದು. ಬ್ಯಾಂಕಿನಲ್ಲಿ ಹಣವಿದೆಯೆಂದು ಕಂಪೆನಿ ಹೇಳಿದರೆ, ಆಡಿಟರನೇ ಬ್ಯಾಂಕಿಗೆ ಕಾಗದ ಬರೆದು, ಉತ್ತರವನ್ನು ನೇರವಾಗಿ ತನ್ನ ಕೈಗೆ ತರಿಸಿಕೊಳ್ಳಬೇಕು. ಕಂಪೆನಿಯ ಗುಮಾಸ್ತ ತಂದುಕೊಟ್ಟ ಕಾಗದ ಸಲ್ಲದು. ತನಗಿಂತ ಇಪ್ಪತ್ತು ವರ್ಷ ಹಿರಿಯನಾದ ಮ್ಯಾನೇಜರ ಕಣ್ಣು ಕೆಂಪಗೆ ಮಾಡಿದರೂ “ಇದು ಹೇಗೆ ಬಂತು ಸಾರ್?” ಎಂದು ಎರಡನೆಯ ಸಲ ಕೇಳುವ ಧೈರ್ಯ ಬೇಕು. ಈ ಧೈರ್ಯ ಯಾವ ಪುಸ್ತಕದಿಂದಲೂ ಬರುವುದಿಲ್ಲ. ಬಲ್ಲವನೊಬ್ಬ ಪಕ್ಕದಲ್ಲಿ ನಿಂತು ಕಲಿಸಿದರೆ ಮಾತ್ರ ಬರುತ್ತದೆ. ಇದಕ್ಕಾಗಿಯೇ ಆರ್ಟಿಕಲ್‌ಶಿಪ್ ಎಂಬುದನ್ನು ಇಟ್ಟರು.

ನಮ್ಮ ಬಳಿಗೆ ಬರುವ ಹುಡುಗರು ಹೇಳುವುದೇನು? ಮೊದಲ ವರ್ಷ ಪೂರ್ತಿ ಜೆರಾಕ್ಸ್. ಬಿಲ್ಲುಗಳ ಮೇಲೆ ಕಣ್ಣು ಮುಚ್ಚಿ ಟಿಕ್ ಹಾಕುವುದು. ಜಿ.ಎಸ್.ಟಿ. ರಿಟರ್ನುಗಳನ್ನು ಒಂದರ ಹಿಂದೊಂದು ಕಂಪ್ಯೂಟರಿಗೆ ಏರಿಸುವುದು. ಸೆಪ್ಟೆಂಬರದ ತೆರಿಗೆ ಆಡಿಟಿನ ಕಾಲ ಬಂತೆಂದರೆ ಕೊನೆಯ ಲೋಕಲ್ ಹಿಡಿಯುವುದು. ನಡುವೆ ಧಣಿಯ ಮನೆಯ ಬಿಲ್ಲು ತುಂಬಿ ಬರುವುದು. ಕೆಲವರ ಖಾತೆಗೆ ಸ್ಟೈಪೆಂಡ್ ಬ್ಯಾಂಕಿನ ಮೂಲಕ ಜಮೆಯಾಗುತ್ತದೆ, ಕಾಗದದಲ್ಲಿ ಎಲ್ಲ ಸರಿಯಾಗಿರುತ್ತದೆ. ಮರುದಿನ ಅದರಲ್ಲಿ ಒಂದು ಪಾಲನ್ನು ನಗದಾಗಿ ಹಿಂದಕ್ಕೆ ಕೊಡಬೇಕು. ಸುಳ್ಳು ಲೆಕ್ಕ ಹಿಡಿಯುವುದನ್ನು ಕಲಿಯಬಂದ ಹುಡುಗನಿಗೆ ಸುಳ್ಳು ಲೆಕ್ಕ ಬರೆಯುವುದೇ ಮೊದಲನೆಯ ಪಾಠ!

ಬಿಟ್ಟು ಬೇರೆ ಕಡೆ ಹೋಗೋಣವೆಂದರೆ ಅದೂ ಸುಲಭವಲ್ಲ. ಕರಾರು ಮುರಿಯಲು ಧಣಿಯ ಸಹಿ ಬೇಕು, ವರ್ಷ ದಾಟಿದ ಮೇಲೆ ಗೊತ್ತಾದ ಕಾರಣಗಳಿದ್ದರೆ ಮಾತ್ರ ಬಿಡುಗಡೆ. ಕೊನೆಯಲ್ಲಿ ತರಬೇತಿ ಮುಗಿಯಿತೆಂಬ ಪತ್ರಕ್ಕೂ ಅವರದೇ ಸಹಿ. ಯಾರ ಮೇಲೆ ದೂರು ಕೊಡಬೇಕೋ ಅವರ ಕೈಯಲ್ಲೇ ಭವಿಷ್ಯದ ಬೀಗದಕೈ ಇದ್ದರೆ ಯಾವ ಹುಡುಗ ದೂರು ಕೊಟ್ಟಾನು?

ಇದು ಹುಡುಗರ ಕಷ್ಟ ಮಾತ್ರವಲ್ಲ

ಕೆಲವರು ಹೇಳಬಹುದು: ಎರಡು ವರ್ಷ ಕಷ್ಟಪಟ್ಟರೆ ಆಮೇಲೆ ಜೀವನವೆಲ್ಲ ಸುಖ, ನಿಮಗೇನು ಚಿಂತೆ? ನಮಗೆ ಚಿಂತೆಯಿದೆ. ಏಕೆಂದರೆ ಆ ಹುಡುಗ ಕಣ್ಣು ಮುಚ್ಚಿ ಹಾಕಿದ ಟಿಕ್ಕಿನ ಮೇಲೆ ನಮ್ಮ ದುಡ್ಡು ನಿಂತಿದೆ.

೨೦೦೯ರ ಜನವರಿ ೭ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರು ಒಂದು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ೫,೦೪೦ ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ವರ್ಷವರ್ಷವೂ ಆಡಿಟು ಆಗಿತ್ತು, ಸಹಿ ಬಿದ್ದಿತ್ತು. ೨೦೧೧ರ ಏಪ್ರಿಲಿನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ ಹೊರಡಿಸಿದ ಆದೇಶದಲ್ಲಿ ಒಂದು ಮಾತು ಬಂತು: ಬ್ಯಾಂಕುಗಳಿಂದ ಖಾತ್ರಿಪತ್ರ ತರಿಸುವ ಕೆಲಸವನ್ನು ಆಡಿಟರರು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳದೆ ಕಂಪೆನಿಯವರ ಕೈಗೇ ಬಿಟ್ಟಿದ್ದರು. ಬ್ಯಾಂಕಿಗೆ ನೇರ ಕಾಗದ ಬರೆಯಬೇಕೆಂಬುದು ಆರ್ಟಿಕಲ್ ಹುಡುಗನಿಗೆ ಹೇಳಿಕೊಡಬೇಕಾದ ಬಾಲಪಾಠ. ಆ ಪಾಠ ತಪ್ಪಿದಲ್ಲಿ ಐದು ಸಾವಿರ ಕೋಟಿ ಅಡಗಿ ಕುಳಿತಿತು. ಇದಕ್ಕೆ ಹೊಣೆ ಹುಡುಗರಲ್ಲ, ಸಹಿ ಹಾಕಿದ ದೊಡ್ಡವರು. ಆದರೆ ಇಂಥ ಕೆಲಸವನ್ನು ನೋಡುತ್ತ ಬೆಳೆದ ಹುಡುಗ ಮುಂದೆ ಎಂಥ ದೊಡ್ಡವನಾಗುತ್ತಾನೆ?

ಇನ್ನೂ ಹತ್ತಿರದ್ದು ಬೇಕೇ? ೨೦೧೯ರ ಸೆಪ್ಟೆಂಬರಿನಲ್ಲಿ ನಮ್ಮ ಭಾಂಡೂಪಿನ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಬಾಗಿಲಲ್ಲಿ ಜನ ಎದೆ ಬಡಿದುಕೊಂಡು ಅತ್ತುದನ್ನು ಮುಂಬಯಿ ಮರೆತಿಲ್ಲ. ತಮ್ಮದೇ ಖಾತೆಯಿಂದ ಆರು ತಿಂಗಳಲ್ಲಿ ೧,೦೦೦ ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕು ಮೊದಲು ಅಪ್ಪಣೆ ಮಾಡಿತು. ಮಿತಿ ಮೆಲ್ಲಮೆಲ್ಲನೆ ಏರಿತು. ಒಂದು ಬಿಲ್ಡರ್ ಕಂಪೆನಿಯ ಸಾಲವನ್ನು ಮುಚ್ಚಿಡಲು ೨೧,೦೪೯ ಸುಳ್ಳು ಖಾತೆಗಳನ್ನು ಸೃಷ್ಟಿಸಿದ್ದರೆಂದು ತನಿಖೆಯಲ್ಲಿ ಹೊರಬಿತ್ತು. ಟ್ಯಾಕ್ಸಿ ಓಡಿಸುವವರು, ಸಣ್ಣ ಅಂಗಡಿಯವರು, ಪಿಂಚಣಿಯ ಮುದುಕರು ಬೀದಿಗೆ ಬಿದ್ದರು. ಆ ಬ್ಯಾಂಕಿಗೂ ಆಡಿಟು ಆಗುತ್ತಿತ್ತು, ಸ್ವಾಮೀ! ಇಪ್ಪತ್ತೊಂದು ಸಾವಿರ ಖಾತೆಗಳಲ್ಲಿ ಹತ್ತನ್ನು ಆರಿಸಿ, ಆ ಮನುಷ್ಯ ಎಲ್ಲಿದ್ದಾನೆ ತೋರಿಸಿ ಎಂದು ಕೇಳುವವನೊಬ್ಬ ಇದ್ದಿದ್ದರೆ! ನಾವು ಟಿಪ್ಸು ಕೂಡಿಸಿ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಇಡುತ್ತೇವೆ. ನಮ್ಮ ಪ್ರಾವಿಡೆಂಟ್ ಫಂಡು ಕಟ್ಟಿದ್ದಾರೆಯೋ ಇಲ್ಲವೋ ಎಂದು ಮಾಲಿಕನ ಪುಸ್ತಕ ನೋಡುವವನೂ ಇವನೇ. ಇವನು ನಿದ್ದೆಗೆಟ್ಟು, ಹಸಿದು, ಏನೂ ಕಲಿಯದೆ ಸಹಿ ಹಾಕಿದರೆ ಮುಳುಗುವವರು ನಾವು.

ಇನ್ನು ಸಮುದ್ರದಾಚೆಯ ದೊಡ್ಡ ಫರ್ಮುಗಳ ತರಬೇತಿಯ ಬಣ್ಣವೂ ಬಯಲಾಗಿದೆ. ೨೦೨೨ರ ಜೂನಿನಲ್ಲಿ ಅಮೆರಿಕದ ಅದೇ ಆಯೋಗ, ಜಗತ್ತಿನ ನಾಲ್ಕು ದೊಡ್ಡ ಫರ್ಮುಗಳಲ್ಲಿ ಒಂದಕ್ಕೆ ಹತ್ತು ಕೋಟಿ ಡಾಲರ್ ದಂಡ ಹಾಕಿತು. ಅಪರಾಧವೇನು? ಅದರ ಆಡಿಟ್ ನೌಕರರು ಪರೀಕ್ಷೆಯ ಉತ್ತರಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡು ಬರೆದದ್ದು. ಯಾವ ಪರೀಕ್ಷೆ? ನೀತಿಯ ಪರೀಕ್ಷೆ! ಮೂರು ವರ್ಷ ಮುಂಚೆ, ೨೦೧೯ರಲ್ಲಿ, ಇನ್ನೊಂದು ದೊಡ್ಡ ಫರ್ಮಿಗೆ ಐದು ಕೋಟಿ ಡಾಲರ್ ದಂಡ ಬಿದ್ದಾಗಲೂ ಆರೋಪಗಳಲ್ಲಿ ಇಂಥದೇ ನಕಲು ಸೇರಿತ್ತು. ತರಬೇತಿಯೆಂದರೆ ಫಾರ್ಮು ತುಂಬುವ ಶಾಸ್ತ್ರವೆಂದು ಮೇಲಿನವರೇ ತೋರಿಸಿಕೊಟ್ಟರೆ, ಕೆಳಗಿನವರು ಅದನ್ನು ಶಾಸ್ತ್ರದಂತೆಯೇ ಮುಗಿಸುತ್ತಾರೆ. ನೀತಿಗೆ ಪರೀಕ್ಷೆಯಿಟ್ಟವರು ನೀತಿಗೆ ಹೊತ್ತು ಕೊಡಲಿಲ್ಲ.

ಹೊತ್ತಿನ ಮಾತು ಬಂದುದರಿಂದ ಪುಣೆಯ ದುಃಖವನ್ನು ನೆನೆಯಲೇಬೇಕು. ೨೦೨೪ರಲ್ಲಿ ಅಲ್ಲಿಯ ದೊಡ್ಡ ಫರ್ಮೊಂದಕ್ಕೆ ಹೊಸದಾಗಿ ಸೇರಿದ್ದ ತರುಣ ಲೆಕ್ಕಪರಿಶೋಧಕಿಯೊಬ್ಬರು ತೀರಿಕೊಂಡರು. ಕೆಲಸದ ಹೊರೆಯೇ ಮಗಳನ್ನು ಬಲಿ ತೆಗೆದುಕೊಂಡಿತೆಂದು ತಾಯಿ ಬರೆದ ಪತ್ರ ದೇಶವನ್ನೆಲ್ಲ ಕಲಕಿತು. ಫರ್ಮು ಆ ಮಾತನ್ನು ಒಪ್ಪಲಿಲ್ಲ. ಯಾರು ಸರಿಯೆಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ತಪಾಸಣೆಗೆ ಹೋದ ರಾಜ್ಯದ ಕಾರ್ಮಿಕ ಅಧಿಕಾರಿಗಳು ಹೇಳಿದ ಮಾತನ್ನು ಕೇಳಿ: ಆ ಆಫೀಸಿಗೆ ೨೦೦೭ರಿಂದಲೂ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ನೋಂದಣಿಯೇ ಇರಲಿಲ್ಲ. ಎಂದರೆ ನಮ್ಮ ಮಾತಿನಲ್ಲಿ ಗುಮಾಸ್ತಾ ಲೈಸನ್ಸು ಇರಲಿಲ್ಲ! ಒಂದು ಸಣ್ಣ ಉಪಾಹಾರಗೃಹದ ಗೋಡೆಯಲ್ಲಿ ಗುಮಾಸ್ತಾ ಲೈಸನ್ಸು ತೂಗದಿದ್ದರೆ ಇನ್‌ಸ್ಪೆಕ್ಟರು ಮರುದಿನವೇ ಬಂದು ನಿಲ್ಲುತ್ತಾನೆ. ಎಲ್ಲರ ಕಾಗದ ಪತ್ರ ಪರೀಕ್ಷಿಸುವವರ ಕಾಗದವನ್ನು ಹದಿನೇಳು ವರ್ಷ ಯಾರೂ ಕೇಳಲಿಲ್ಲ. ಮಹಾರಾಷ್ಟ್ರದ ೨೦೧೭ರ ಕಾಯಿದೆಯಲ್ಲಿ ‘ಸಂಸ್ಥೆ’ ಎಂಬುದರ ಅರ್ಥ ಹೇಳುವಾಗ ಅಕೌಂಟೆಂಟರ ಆಫೀಸನ್ನೂ ಸ್ಪಷ್ಟವಾಗಿ ಸೇರಿಸಿದ್ದಾರೆ. ಮೊದಲು ಬಂದಾಗ ಹತ್ತು ಮತ್ತು ಹೆಚ್ಚು ಜನ ದುಡಿಯುವ ಕಡೆ ಅದು ಅನ್ವಯಿಸುತ್ತಿತ್ತು. ಕಾಯಿದೆ ಪುಸ್ತಕದಲ್ಲಿದೆ. ಅದನ್ನು ಆ ಆಫೀಸುಗಳ ಗಾಜಿನ ಬಾಗಿಲಿನ ಒಳಗೆ ತೆಗೆದುಕೊಂಡು ಹೋಗುವವರು ಬೇಕು.

ಅವರ ಮಾತು, ನಮ್ಮ ಉತ್ತರ

“ನಾವೂ ಹೀಗೆಯೇ ಕಲಿತೆವು, ನಾವೇನು ಸತ್ತೆವೇ?” ಎಂದು ಹಿರಿಯ ಆಡಿಟರರು ಕೇಳುತ್ತಾರೆ. ಕಷ್ಟಪಟ್ಟು ಮೇಲೆ ಬಂದವನು ಹಿಂದಿನವನ ಏಣಿಯನ್ನು ಗಟ್ಟಿ ಮಾಡಬೇಕೋ, ತನ್ನ ಕಾಲಿಗೆ ಚುಚ್ಚಿದ ಮುಳ್ಳನ್ನು ಅದೇ ಮೆಟ್ಟಿಲಿನಲ್ಲಿ ಇಟ್ಟು ಬರಬೇಕೋ? ಅದೂ ಅಲ್ಲದೆ, ಮೇಲೆ ಬಂದವರು ಮಾತ್ರ ಈ ಪ್ರ್ರಶ್ನೆ ಕೇಳುತ್ತಾರೆ. ಅರ್ಧದಲ್ಲಿ ಬಿಟ್ಟು, ತಂದೆಯ ಕಾಯಿಲೆಗೋ ತಂಗಿಯ ಮದುವೆಗೋ ಸಿಕ್ಕಿದ ಕೆಲಸ ಹಿಡಿದವರು ಇಂಥ ಸಭೆಗಳಲ್ಲಿ ಭಾಷಣ ಮಾಡಲು ಬರುವುದಿಲ್ಲ.

“ಸಣ್ಣ ಆಫೀಸು, ಫೀಸು ಕಡಿಮೆ, ಎಲ್ಲಿಂದ ಕೊಡೋಣ?” ಎನ್ನುವವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಈ ಮಾತನ್ನು ಪ್ರತಿಯೊಬ್ಬ ಹೋಟೆಲ್ ಮಾಲಿಕನೂ ಹೇಳಿದ್ದಾನೆ. ಅಕ್ಕಿ, ಎಣ್ಣೆ, ಗ್ಯಾಸಿಗೆ ಪೂರ್ತಿ ಬೆಲೆ ತೆರುವವನು ಮನುಷ್ಯನ ಬೆವರಿಗೆ ಮಾತ್ರ ರಿಯಾಯಿತಿ ಕೇಳುವುದು ನ್ಯಾಯವಲ್ಲ. ಆಫೀಸಿನ ಬಾಡಿಗೆಗೆ, ವಿದ್ಯುತ್ತಿಗೆ, ಕಂಪ್ಯೂಟರಿಗೆ ‘ಕಲಿಯುತ್ತಿದ್ದೇವೆ, ಕಡಿಮೆ ಮಾಡಿ’ ಎಂದರೆ ಯಾರಾದರೂ ಕೇಳುತ್ತಾರೆಯೇ?

“ಅವನು ವಿದ್ಯಾರ್ಥಿ, ಗುರುದಕ್ಷಿಣೆ ಎಂದು ತಿಳಿಯಲಿ” ಎನ್ನುತ್ತಾರೆ ಕೆಲವರು. ಸರಿ. ಗುರುವಿನ ಮನೆಯಲ್ಲಿ ಶಿಷ್ಯ ಸೌದೆ ಒಡೆಯುತ್ತಿದ್ದ, ನಿಜ. ಆದರೆ ಗುರು ಅವನಿಗೆ ಅನ್ನ ಹಾಕುತ್ತಿದ್ದ, ಪಾಠವನ್ನೂ ಹೇಳುತ್ತಿದ್ದ. ಶಿಷ್ಯ ಒಡೆದ ಸೌದೆಯನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ. ಆರ್ಟಿಕಲ್ ಹುಡುಗ ಮಾಡಿದ ಕೆಲಸಕ್ಕೆ ಆಫೀಸು ಗಿರಾಕಿಯಿಂದ ಬಿಲ್ಲು ಮಾಡಿ ಹಣ ತೆಗೆದುಕೊಳ್ಳುತ್ತದೆ. ಬಿಲ್ಲು ಮಾಡುವಾಗ ಅವನು ಕೆಲಸಗಾರ, ಸಂಬಳದ ದಿನ ಶಿಷ್ಯ. ಈ ಎರಡು ದೋಣಿಯ ಪಯಣ ಸಾಕು.

ನಮ್ಮ ಹುಡುಗರಿಗೂ ಒಂದು ಮಾತು ಹೇಳದೆ ಬಿಡುವುದಿಲ್ಲ. ಕೆಲವರು ‘ಡಮ್ಮಿ’ ಆರ್ಟಿಕಲ್ ಎಂದು ಹೆಸರು ಮಾತ್ರ ಬರೆಸಿ, ಆಫೀಸಿನ ಮುಖ ನೋಡದೆ, ಕೋಚಿಂಗ್ ಕ್ಲಾಸಿನಲ್ಲಿ ಕುಳಿತು ಪರೀಕ್ಷೆಗೆ ಓದುತ್ತಾರೆ. ಶೋಷಣೆಯಿಂದ ತಪ್ಪಿಸಿಕೊಳ್ಳಲು ಇದು ದಾರಿಯೆಂದು ತಿಳಿದಿದ್ದರೆ ಅದು ಭ್ರಮೆ. ಕಲಿಸದ ಧಣಿಗೂ ಕಲಿಯದ ಶಿಷ್ಯನಿಗೂ ಇದು ಒಳ್ಳೆಯ ಸಂಧಾನ, ನಷ್ಟವೆಲ್ಲ ಊರಿಗೆ. ಅಪ್ಪ-ಅಮ್ಮಂದಿರೂ ಕೇಳಿ. ‘ಹೇಗಾದರೂ ಸಹಿಸಿಕೋ ಮಗಾ’ ಎಂದು ಮಾತ್ರ ಹೇಳಬೇಡಿ. ರಾತ್ರಿ ಹನ್ನೆರಡಕ್ಕೆ ಮನೆಗೆ ಬರುವ ಮಗಳನ್ನು, ಇಂದು ಏನು ಕಲಿತೆ ಎಂದು ಕೇಳಿ. ‘ಏನೂ ಇಲ್ಲ’ ಎಂಬ ಉತ್ತರ ದಿನವೂ ಬಂದರೆ ಸುಮ್ಮನಿರಬೇಡಿ.

ನಾವು ಕೇಳುವುದು

ನಾವು ಆಕಾಶದ ನಕ್ಷತ್ರ ಕೇಳುತ್ತಿಲ್ಲ. ನಮ್ಮ ಬೇಡಿಕೆಗಳು ಐದು.

ಒಂದನೆಯದು: ಆರ್ಟಿಕಲ್‌ಗಳ ಕನಿಷ್ಠ ಸ್ಟೈಪೆಂಡ್, ಆ ಊರಿನಲ್ಲಿ ಕುಶಲ ಕೆಲಸಗಾರನಿಗೆ ಸರಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು. ನಮಗೆ ಇರುವಂತೆ ಅವರಿಗೂ ಬೆಲೆಯ ಜೊತೆಗೆ ತಾನಾಗಿ ಏರುವ ತುಟ್ಟಿಭತ್ಯ ಇರಬೇಕು.

ಎರಡನೆಯದು: ವಾರದ ೩೫ ಗಂಟೆ ಎಂಬುದು ನಿಜವಾದ ೩೫ ಆಗಬೇಕು. ಗಡುವಿನ ಕಾಲದಲ್ಲಿ ಹೆಚ್ಚು ದುಡಿಸಬೇಕಾದರೆ ಹಾಜರಿ ಪುಸ್ತಕದಲ್ಲಿ ಬರೆದು, ಅದಕ್ಕೆ ಓವರ್‌ಟೈಮ್ ಕೊಡಬೇಕು.

ಮೂರನೆಯದು: ಯಾವ ತಿಂಗಳು ಏನು ಕಲಿಸುತ್ತಾರೆಂಬುದು ಕರಾರಿನಲ್ಲೇ ಇರಬೇಕು. ಸಂಸ್ಥೆಯವರು ಮುನ್ಸೂಚನೆಯಿಲ್ಲದೆ ಬಂದು, ಧಣಿಯನ್ನು ಹೊರಗೆ ಕಳುಹಿಸಿ, ಹುಡುಗರನ್ನು ಮಾತನಾಡಿಸಬೇಕು. ಗೋದಾಮಿನ ಮಾಲು ಎಣಿಸಲು ಹೀಗೆ ದಿಢೀರನೆ ಹೋಗಬೇಕೆಂದು ಆಡಿಟರರೇ ಕಲಿಸುತ್ತಾರಲ್ಲವೇ?

ನಾಲ್ಕನೆಯದು: ದೂರು ಕೊಟ್ಟವನ ಹೆಸರು ಗುಟ್ಟಾಗಿರಬೇಕು. ದೂರಿನಲ್ಲಿ ಹುರುಳಿದ್ದರೆ ಧಣಿಯ ಸಹಿ ಇಲ್ಲದೆಯೇ ಬೇರೆ ಆಫೀಸಿಗೆ ಸೇರುವ ಸ್ವಾತಂತ್ರ್ಯ ಬೇಕು. ದುಡಿದ ತಿಂಗಳುಗಳು ಲೆಕ್ಕದಿಂದ ಹಾರಿಹೋಗಬಾರದು.

ಐದನೆಯದು: ಗುಮಾಸ್ತಾ ಇನ್‌ಸ್ಪೆಕ್ಟರು ನಮ್ಮ ಅಡಿಗೆಮನೆಗೆ ಬರುವಂತೆ ಅವರ ಆಫೀಸಿಗೂ ಹೋಗಬೇಕು.

ಮುಂಬಯಿಯಲ್ಲಿ ಹೆಸರು ಮಾಡಿದ ಕನ್ನಡಿಗ ಆಡಿಟರರು ಅನೇಕರಿದ್ದಾರೆ. ಅವರಲ್ಲಿ ಕೆಲವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರು; ನಮ್ಮ ಸಂಘ-ಸಂಸ್ಥೆಗಳ ಲೆಕ್ಕವನ್ನು ಕಾಸು ಮುಟ್ಟದೆ ನೋಡಿಕೊಡುವವರು. ಅವರೊಡನೆ ನಮಗೆ ಜಗಳವಿಲ್ಲ. ಅವರನ್ನೇ ಮೊದಲು ಕೇಳುತ್ತೇವೆ: ಅಣ್ಣಂದಿರೇ, ನಿಮ್ಮ ಆಫೀಸಿನಿಂದಲೇ ಪ್ರಾರಂಭಿಸಿ. ನಿಮ್ಮ ಹುಡುಗನಿಗೆ ಹೊಟ್ಟೆ ತುಂಬ ಕೊಡಿ, ಹೊತ್ತಿಗೆ ಸರಿಯಾಗಿ ಮನೆಗೆ ಕಳುಹಿಸಿ, ದಿನಕ್ಕೆ ಒಂದು ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ. ಸಂಸ್ಥೆಯ ಚುನಾವಣೆಯಲ್ಲಿ ವೋಟು ಕೇಳಲು ಬರುವವರಿಗೆ ಈ ಐದು ಬೇಡಿಕೆಗಳನ್ನು ತೋರಿಸಿ ಉತ್ತರ ಕೇಳಿ. ಆ ವೋಟು ಇರುವುದು ನಿಮ್ಮ ಕೈಯಲ್ಲಿ, ನಮ್ಮ ಕೈಯಲ್ಲಲ್ಲ.

ಆರ್ಟಿಕಲ್ ಹುಡುಗ-ಹುಡುಗಿಯರೇ, ನಿಮಗೂ ಒಂದು ಕರೆ. ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಕೈಗೆ ಬಂದ ಹಣ, ಹಿಂದಕ್ಕೆ ಕೊಟ್ಟ ಹಣ, ಇವಿಷ್ಟನ್ನೂ ದಿನದಿನವೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಲೆಕ್ಕ ಬರೆಯುವುದು ನಿಮ್ಮ ಕಸುಬು. ಮೊದಲ ಲೆಕ್ಕ ನಿಮ್ಮದೇ ಆಗಲಿ. ಒಬ್ಬನ ನೋಟುಬುಕ್ಕನ್ನು ಯಾರೂ ಓದುವುದಿಲ್ಲ. ನೂರು ನೋಟುಬುಕ್ಕುಗಳನ್ನು ಒಂದೇ ಮೇಜಿನ ಮೇಲೆ ಇಟ್ಟರೆ ಅದನ್ನು ಓದದೆ ಗತ್ಯಂತರವಿಲ್ಲ. ಆ ಮೇಜು ನಮ್ಮ ಸಂಘದ ಕಚೇರಿಯಲ್ಲಿದೆ. ಅದು ಹಳೆಯ ಹೋಟೆಲ್ ಮೇಜು, ಕಾಲು ಸ್ವಲ್ಪ ಅಲುಗುತ್ತದೆ. ಆದರೆ ನಿಮ್ಮ ಪುಸ್ತಕಗಳ ಭಾರವನ್ನು ಹೊರುತ್ತದೆ. ಬನ್ನಿ.